ಚಿನ್ನಿ ಫ್ರಿಜ್ ಮೇಲಿಂದ ಇಳಿಯುತ್ತಿಲ್ಲ

ಗುಂಪು: ಹಳೇ ಮನೆಯವರು

ಅಮ್ಮ: [ವಿಡಿಯೋ] ನೋಡಿ ಇವಳ ಅವತಾರ. ಹೊಸ ಬೆಕ್ಕಿನ ಮರಿ ಬಂದು ಮೂರು ದಿನ ಆಯಿತು, ಫ್ರಿಜ್ ಮೇಲೇ ವಾಸ. ಅದು ಕಣ್ಣಿಗೆ ಬಿದ್ದರೆ ಸಾಕು, ಬುಸ್ ಅನ್ನುತ್ತಾಳೆ.

ಶಿವಮೊಗ್ಗ ಅತ್ತೆ: ಒಂಬತ್ತು ವರ್ಷ ಒಬ್ಬಳೇ ರಾಣಿ ಥರ ಇದ್ದವಳು. ಈಗ ಸವತಿ ತಂದಿದ್ದೀರಲ್ಲ ಅತ್ತಿಗೆ 😂

ಅಮ್ಮ: ನಾನೆಲ್ಲಿ ತಂದೆ? ಮಳೆಯಲ್ಲಿ ನೆನೆದು ಸ್ಕೂಟರ್ ಕೆಳಗೆ ಕಿರುಚುತ್ತಿತ್ತು. ಬಿಟ್ಟು ಬರೋಕೆ ಆಗುತ್ತಾ?

ದೊಡ್ಡಪ್ಪ: (ಫಾರ್ವರ್ಡ್) ಬೆಕ್ಕು ಸಾಕುವವರು ತಪ್ಪದೆ ಓದಿ!! ಹಳೇ ಬೆಕ್ಕು ಹೊಸ ಬೆಕ್ಕು ಕಚ್ಚಾಡಿದರೆ ಎರಡನ್ನೂ ಒಂದೇ ರೂಮಿಗೆ ಹಾಕಿ ಚಿಲಕ ಹಾಕಿ. ಒಂದೇ ತಟ್ಟೆಯಲ್ಲಿ ಹಾಲು ಇಡಿ. ಬೆಳಗಾಗುವಷ್ಟರಲ್ಲಿ ಅಕ್ಕ ತಂಗಿ ಆಗಿರುತ್ತವೆ. ಹತ್ತು ಜನಕ್ಕೆ ಕಳಿಸಿ 🙏

ನಾನು: ದೊಡ್ಡಪ್ಪ, ಇಂಥದ್ದು ಹಾಕಬೇಡಿ. ಅಮ್ಮ ನಿಜವಾಗಲೂ ಮಾಡಿಬಿಡುತ್ತಾಳೆ.

ಅಮ್ಮ: ಭಾವ ನನಗೆ ನಿನ್ನೆಯೇ ಕಳಿಸಿದ್ದರು. ರಾತ್ರಿ ಮಾಡಿದೆ.

ನಾನು: ಮಾಡಿಯೂ ಆಯ್ತಾ!

ಅಮ್ಮ: ಹತ್ತೇ ನಿಮಿಷ. ಪರದೆ ಹರಿಯಿತು, ಹಾಲು ಚೆಲ್ಲಿತು. ಚಿನ್ನಿ ಹಾಸಿಗೆ ಮೇಲೆ ಉಚ್ಚೆ ಹೊಯ್ದಳು. ಇಷ್ಟು ವರ್ಷದಲ್ಲಿ ಇದೇ ಮೊದಲು.

ಅಪ್ಪ: ನನ್ನ ಬಿಳಿ ಟವೆಲ್ ಎಲ್ಲಿ?

ದೊಡ್ಡಪ್ಪ: ಹತ್ತು ನಿಮಿಷಕ್ಕೇ ಬಾಗಿಲು ತೆಗೆದರೆ ಹೇಗೆ? ಹಳೇ ಮನೆಯಲ್ಲಿ ನಾಲ್ಕು ಬೆಕ್ಕು ಇದ್ದವು. ಅವಕ್ಕೆಲ್ಲ ಯಾರು ಪರಿಚಯ ಮಾಡಿಸಿದ್ದರು?

ನಾನು: ಅಲ್ಲಿ ಕೊಟ್ಟಿಗೆ ಇತ್ತು, ಅಟ್ಟ ಇತ್ತು, ಹುಲ್ಲಿನ ಬಣವೆ ಇತ್ತು. ಆಗದವು ದಿನವಿಡೀ ಮುಖ ನೋಡದೆ ಇರಬಹುದಿತ್ತು. ಈ ಎರಡು ರೂಮಿನ ಮನೆಯಲ್ಲಿ ಚಿನ್ನಿಗೆ ಅಟ್ಟ ಅಂದರೆ ಆ ಫ್ರಿಜ್ಜೇ.

ಶಿವಮೊಗ್ಗ ಅತ್ತೆ: ಅಣ್ಣ, ಪಟ್ಟೆ ಬೆಕ್ಕು ಮರೆತುಹೋಯ್ತಾ? ಹೊಸದು ಬಂದ ತಿಂಗಳಲ್ಲೇ ಪಕ್ಕದ ಮನೆ ಸೇರಿತು. ನೀನು ಮೀನಿನ ತಲೆ ಹಿಡಿದುಕೊಂಡು ಬೇಲಿ ಹತ್ತಿರ ಕರೆಯುತ್ತಾ ನಿಂತಿರುತ್ತಿದ್ದೆ.

ದೊಡ್ಡಪ್ಪ: ಅದು ಬೇರೆ ವಿಷಯ.

ಅಣ್ಣ: 😂😂

ನಾನು: ಅಮ್ಮ, ಬುಸ್ ಅಂದರೆ ಬೈಯಬೇಡ. ಹತ್ತಿರ ಬರಬೇಡ ಅಂತ ಹೇಳುವುದು ಅದು, ಕಚ್ಚುವುದಕ್ಕಿಂತ ವಾಸಿ ಅಲ್ವಾ. ಮರಿಯನ್ನು ಹಿಂದಿನ ರೂಮಿನಲ್ಲಿ ಬೇರೆ ಇಡು. ಮೊದಲು ಡಾಕ್ಟರಿಗೆ ತೋರಿಸಿ ಜಂತಿನ ಔಷಧಿ, ಲಸಿಕೆ ಕೇಳು. ಬೀದಿ ಮರಿ, ಪ್ಯಾನ್‌ಲ್ಯುಕೋಪೀನಿಯ ಅಂತ ಬೆಕ್ಕಿನಿಂದ ಬೆಕ್ಕಿಗೆ ಹರಡುವ ಅಪಾಯದ ರೋಗ ಇದೆ, ಅಂಥದ್ದು ಇದ್ದರೆ ಕಷ್ಟ. ಬೆಕ್ಕು ಯಾರನ್ನೂ ಮೊದಲು ಮೂಗಿನಲ್ಲೇ ಗುರುತು ಹಿಡಿಯುವುದು. ಕೆನ್ನೆಯಲ್ಲಿ ವಾಸನೆಯ ಗ್ರಂಥಿ ಇದೆ, ಚಿನ್ನಿ ಸೋಫಾ ಕಾಲಿಗೆ ಮುಖ ಉಜ್ಜುತ್ತಾಳಲ್ಲ, ಅದಕ್ಕೇ. ಮರಿ ಮಲಗಿದ ಬಟ್ಟೆ ಇವಳಿಗೆ ಕೊಡು, ಇವಳದ್ದು ಅದಕ್ಕೆ. ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಒಂದು ತಟ್ಟೆ, ಈಚೆ ಒಂದು. ದಿನಾ ಒಂದೊಂದು ಗೇಣು ಹತ್ತಿರ ತಳ್ಳು. ಎರಡೂ ತಲೆ ಎತ್ತದೆ ತಿನ್ನುವಂತಾದ ಮೇಲೆ ಬಾಗಿಲು ಸ್ವಲ್ಪ ತೆಗಿ. ವಾರವಾದರೂ ಆಗಬಹುದು, ತಿಂಗಳಾದರೂ ಆಗಬಹುದು. ಮರಳಿನ ಟ್ರೇ ಮೂರು ಬೇಕು, ಬೆಕ್ಕಿಗೊಂದು, ಮೇಲೊಂದು. ಹಾಲು ಬೇಡ, ದೊಡ್ಡ ಬೆಕ್ಕಿಗೆ ಸಾಮಾನ್ಯವಾಗಿ ಅರಗುವುದಿಲ್ಲ.

ದೊಡ್ಡಪ್ಪ: ನಿನ್ನ ಮದುವೆ ಮಾತುಕತೆಗೂ ಇಷ್ಟು ದಿನ ಹಿಡಿಯಲಿಲ್ಲ.

ನಾನು: ಅಮ್ಮ, ಚಿನ್ನಿ ಊಟ ಮಾಡಿದಳಾ?

ಅಮ್ಮ: ನಿನ್ನೆ ರಾತ್ರಿಯಿಂದ ಮುಟ್ಟಿಲ್ಲ.

ನಾನು: ಸಂಜೆವರೆಗೆ ತಿನ್ನದಿದ್ದರೆ ಅವಳನ್ನೂ ಕರೆದುಕೊಂಡು ಹೋಗು. ಬೆಕ್ಕು ಒಂದೆರಡು ದಿನ ಉಪವಾಸ ಬಿದ್ದರೂ ಲಿವರ್‌ಗೆ ತೊಂದರೆ ಆಗಬಹುದು. ಸುಮ್ನೆ ಮುನಿಸು ಅಂದುಕೊಳ್ಳಬೇಡ.

ಅಪ್ಪ: ಟವೆಲ್ ಕೇಳಿದ್ದೆ.

(ಸಂಜೆ 5.40)

ಅಮ್ಮ: ತಟ್ಟೆಯನ್ನು ಫ್ರಿಜ್ ಮೇಲೇ ಇಟ್ಟೆ. ಪೂರ್ತಿ ತಿಂದಳು!

ಶಿವಮೊಗ್ಗ ಅತ್ತೆ: ಸದ್ಯ!

ದೊಡ್ಡಪ್ಪ: ಫ್ರಿಜ್ ಮೇಲೆ ಊಟ. ನಾಳೆ ಬಾಳೆಲೆ ಹಾಕಿ ಬಡಿಸಿ.

ಅಮ್ಮ: ಮರಿ ಮಲಗುವ ಬಟ್ಟೆಯನ್ನೂ ಪಕ್ಕದಲ್ಲೇ ಇಟ್ಟೆ. ಮೂಸಿದಳು, ಬುಸ್ ಅಂದಳು. ಈಗ ಹೋಗಿ ನೋಡಿದರೆ ಅದರ ಒಂದು ತುದಿ ಮೇಲೆ ಮುಂಗಾಲು ಇಟ್ಟುಕೊಂಡು ಮಲಗಿದ್ದಾಳೆ. [ಫೋಟೋ]

ಅಪ್ಪ: ಆ ಬಟ್ಟೆ ಯಾವುದು?

ಅಮ್ಮ: ಅವತ್ತು ಮಳೆಯಲ್ಲಿ ನೆನೆದು ನಡುಗುತ್ತಿತ್ತು ಕಣ್ರೀ. ಕೈಗೆ ಅದೇ ಸಿಕ್ಕಿತು.