‘ಸ್ಟ್ರೀಮಿಂಗ್’ಗೆ ಪದ ಬೇಕು: ವೈಫೈ ರೂಟರಿನ ಕೈಪಿಡಿ, ನಾಳೆ ಅಚ್ಚಿಗೆ

ಬರೆದವರು: ಅನುವಾದಕಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ವೈಫೈ ರೂಟರ್ ಕೂರಿಸಿಕೊಂಡು ಸ್ಪೀಕರಿನಲ್ಲಿ ಹಾಡು ಕೇಳುವುದು ಹೇಗೆ ಎಂದು ತಿಳಿಸುವ ಎರಡು ಪುಟದ ಕೈಪಿಡಿ, ಜೊತೆಗೆ ಅಂಗಡಿ ಮುಂದೆ ಹಾಕುವ ಒಂದು ಸಾಲಿನ ಫಲಕ. ಎರಡೂ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಕೈಗೆ ಬಂದಿರುವ ಕರಡು ಹೀಗೆ ಶುರುವಾಗುತ್ತದೆ: “ಸಂಗೀತ ನೇರಪ್ರಸಾರಕ್ಕಾಗಿ ನಿಮ್ಮ ನಿಸ್ತಂತು ಮಾರ್ಗಕವನ್ನು ಸಂರಚಿಸಿ.” ಇದನ್ನು ಹಾಗೇ ಬಿಡಲು ಮನಸ್ಸಿಲ್ಲ.

ಬೇಕಿರುವುದು ಮೂರು. ‘ಸ್ಟ್ರೀಮಿಂಗ್’ಗೆ ಕ್ರಿಯಾಪದವಾಗಿಯೂ ನಾಮಪದವಾಗಿಯೂ ನಿಲ್ಲುವ ಮಾತು. ‘ಬಫರಿಂಗ್’ಗೆ, ಅಂದರೆ ಹಾಡು ನಡುನಡುವೆ ನಿಂತು ಕಾಯುವುದಕ್ಕೆ, ಒಂದು. ಮನೆಗೆ ಬಂದವರಿಗೆಂದು ರೂಟರಿನಲ್ಲಿ ಬೇರೆಯಾಗಿ ಇಡುವ ವೈಫೈ, ‘ಗೆಸ್ಟ್ ನೆಟ್‌ವರ್ಕ್’, ಅದನ್ನು ‘ಅತಿಥಿ ಜಾಲ’ ಅನ್ನಬಹುದೇ, ಇಲ್ಲವೇ? ದಯವಿಟ್ಟು ವಾಕ್ಯದಲ್ಲಿಟ್ಟು ತೋರಿಸಿ. ಬಿಡಿ ಪದ ಕೊಟ್ಟರೆ ವಿಭಕ್ತಿ ಹಚ್ಚುವಾಗ ಸಿಕ್ಕಿಕೊಳ್ಳುತ್ತದೆ.

ಬರೆದವರು: ಮೈಸೂರು

ಸ್ಟ್ರೀಮಿಂಗ್‌ಗೆ ‘ಹೊನಲು’. ಹುಡುಕಾಟ ಇಲ್ಲಿಗೆ ಮುಗಿಯಬೇಕು. ಹಳಗನ್ನಡದ ‘ಪೊನಲ್’, ತಮಿಳಿನ ‘ಪುನಲ್’ ಎರಡೂ ಒಂದೇ ಬೇರಿನವು. ‘ಹೊನಲು ಬೆಳಕಿನ ಕಬಡ್ಡಿ’ ಎಂದು ಊರೂರಿನ ಗೋಡೆಗಳ ಮೇಲೆ ಬರೆಯುತ್ತಾರೆ, ಯಾರೂ ಅರ್ಥ ಕೇಳುವುದಿಲ್ಲ. ಹಾಗಿರುವಾಗ ‘ಹಾಡುಹೊನಲು’ ಏಕೆ ಆಗದು? ರೂಟರಿಗೆ ‘ಹಾದಿಗ’. ‘ನಿಸ್ತಂತು’ ಬಿಡಿ, ‘ಸರಿಗೆಯಿಲ್ಲದ’ ಅನ್ನಿ. ಕನ್ನಡದಲ್ಲಿ ಬೇರು ಇರುವಾಗ ಸಂಸ್ಕೃತಕ್ಕೋ ಇಂಗ್ಲಿಷಿಗೋ ಕೈಚಾಚುವುದು ಸೋಮಾರಿತನ.

ಬರೆದವರು: ಧಾರವಾಡ

‘ನೇರಪ್ರಸಾರ’ ತಪ್ಪು. ಅದು ಮೈದಾನದ ಕ್ರಿಕೆಟ್ಟಿಗೆ, ಸದನದ ಕಲಾಪಕ್ಕೆ. ಹತ್ತು ವರ್ಷದ ಹಿಂದೆ ಧ್ವನಿಮುದ್ರಣವಾದ ಹಾಡಿನಲ್ಲಿ ‘ನೇರ’ ಏನಿದೆ?

‘ಹೊನಲು’ ನಾಮಪದವಾಗಿ ಚೆಂದ, ಕ್ರಿಯೆಗೆ ಒಗ್ಗುವುದಿಲ್ಲ. ‘ಹೊನಲಿಸಿ’ ಅಂತ ಯಾರು ಅಂತಾರ್ರೀ? ಉಳಿಯುವುದು ‘ಹರಿ, ಹರಿಸು, ಹರಿವು’. ಆದರೆ ಅಲ್ಲೂ ಒಂದು ತೊಡಕು. ‘ಅಂಗಿ ಹರೀತು’ ಅಂದರೆ ಬಟ್ಟೆ ಚಿಂದಿಯಾಯಿತು ಅಂತ. ನೀರು ಹರಿಯುವ ಕ್ರಿಯೆ ಹಳಗನ್ನಡದಲ್ಲಿ ‘ಪರಿ’, ಸಾಧಾರಣ ರೇಫದ್ದು. ಬಟ್ಟೆ ಹರಿಯುವುದು ‘ಪಱಿ’, ಶಕಟರೇಫದ್ದು, ಅಂದರೆ ಹಳೆಯ ಗಡುಸು ರಕಾರದ್ದು. ಱಕಾರ ಬಿದ್ದುಹೋಗಿ, ಪಕಾರ ಹಕಾರವಾಗಿ, ಎರಡೂ ಒಂದೇ ಆದವು. ‘ಹಾಡು ಹರಿದು ಹೋಗುತ್ತಿದ್ದರೆ ರೂಟರ್ ಪರೀಕ್ಷಿಸಿ’ ಎಂದು ಬರೆದರೆ ಹಾಡು ಚೆನ್ನಾಗಿ ಬರುತ್ತಿದೆಯೋ ಕೆಟ್ಟಿದೆಯೋ ತಿಳಿಯದು. ದೋಷ ತಿದ್ದುವ ಪುಟದಲ್ಲಿ ಈ ಪದ ಅಪಾಯಕಾರಿ.

ಬರೆದವರು: ಮಂಗಳೂರು, ನೆಟ್‌ವರ್ಕ್ ಕೆಲಸ

ಪದ ಹುಡುಕುವ ಮುಂಚೆ ಅಲ್ಲಿ ಏನು ನಡೆಯುತ್ತದೆ ನೋಡಿ. ಬಹುಪಾಲು ವೈಫೈ ಸ್ಪೀಕರುಗಳಲ್ಲಿ ಹಾಡು ಫೋನಿನಿಂದ ಬರುವುದೇ ಇಲ್ಲ. ಇಂಥ ಹಾಡು ಬೇಕು ಎಂದು ಫೋನು ಹೇಳುತ್ತದೆ ಅಷ್ಟೆ. ಸ್ಪೀಕರೇ ರೂಟರಿನ ಮೂಲಕ ಹಾಡನ್ನು ಚೂರುಚೂರಾಗಿ ತರಿಸಿಕೊಂಡು, ಒಂದಿಷ್ಟು ಸೆಕೆಂಡಿನದನ್ನು ಮುಂಗಡವಾಗಿ ಕೂಡಿಟ್ಟುಕೊಂಡು ನುಡಿಸುತ್ತದೆ. ಆ ಮುಂಗಡ ಕೂಡಿಕೆಯೇ ಬಫರ್. ಬ್ಲೂಟೂತಿನಲ್ಲಾದರೆ ಫೋನೇ ಕಳಿಸಬೇಕು, ಕರೆ ಬಂದರೆ ಹಾಡು ನಿಲ್ಲುತ್ತದೆ, ಸುಮಾರು ಹತ್ತು ಮೀಟರ್ ದಾಟಿದರೆ ಕಡಿಯುತ್ತದೆ. ಅಂದರೆ ವೈಫೈನಲ್ಲಿ ಕೇಳುವವನು ಬೇಡುತ್ತಾನೆ, ಬೇಡಿದ್ದು ಅವನೊಬ್ಬನಿಗೇ ಬರುತ್ತದೆ. ಪ್ರಸಾರ ಹಾಗಲ್ಲ, ಕೇಳಿದವರಿಗೂ ಕೇಳದವರಿಗೂ ಒಂದೇ ಅಲೆ. ಆದ್ದರಿಂದ ‘ಪ್ರಸಾರ’ದ ಯಾವ ರೂಪವೂ ಬೇಡ. ಬಳಸುವವರ ಕಡೆಯಿಂದ ನೋಡಿದರೆ ಕ್ರಿಯೆ ‘ತರಿಸಿ ಕೇಳು’. ಡೌನ್‌ಲೋಡ್ ‘ಇಳಿಸಿಕೊಂಡು ಕೇಳು’. ವ್ಯತ್ಯಾಸ ಇಷ್ಟೇ.

ಪದಕ್ಕಿಂತ ನನಗೆ ಕೈಪಿಡಿಯ ಒಳಗೇನಿದೆ ಎಂಬ ಚಿಂತೆ. ಈ ಕೆಳಗಿನದು ಕರಡಿನಲ್ಲಿ ಇದೆಯೇ?

ಹೆಚ್ಚಾಗಿ ಬರುವ ದೂರು ‘ಫೋನಿನಲ್ಲಿ ಸ್ಪೀಕರ್ ಕಾಣುತ್ತಿಲ್ಲ’ ಎಂಬುದು. ಕಾರಣ, ಫೈಬರ್ ಸಂಪರ್ಕದವರು ಗೋಡೆಗೆ ಹೊಡೆದು ಹೋದ ಪೆಟ್ಟಿಗೆಗೂ ವೈಫೈ ಇರುತ್ತದೆ, ಗಿರಾಕಿ ಹೊಸದಾಗಿ ಕೊಂಡ ರೂಟರಿಗೂ ಇರುತ್ತದೆ. ಫೋನು ಒಂದರಲ್ಲಿ, ಸ್ಪೀಕರು ಇನ್ನೊಂದರಲ್ಲಿ. ಸ್ಪೀಕರನ್ನು ಹುಡುಕುವ ಕೂಗು ಸಾಮಾನ್ಯವಾಗಿ 224.0.0.251 ವಿಳಾಸಕ್ಕೆ, 5353ನೇ ಪೋರ್ಟಿನಲ್ಲಿ ಹೋಗುತ್ತದೆ. ಅದು ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಪರಿಹಾರ, ಹೊಸ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕುವುದು, ಅಂದರೆ ಅದು ಬೇರೆ ಜಾಲ ಕಟ್ಟದೆ ಪೆಟ್ಟಿಗೆಯ ಜಾಲವನ್ನೇ ವೈಫೈಯಲ್ಲಿ ಹರಡುವಂತೆ ಮಾಡುವುದು. ಆ ಮೋಡ್ ಇಲ್ಲದ ರೂಟರಾದರೆ ಮೊದಲು ಅದರ ವಿಳಾಸ ಬದಲಿಸಿ. ಫೈಬರ್ ಪೆಟ್ಟಿಗೆ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಆಮೇಲೆ ಇದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಪೆಟ್ಟಿಗೆಯಿಂದ ಬಂದ ಕೇಬಲ್ಲನ್ನು ವ್ಯಾನ್ ಕಿಂಡಿಗೆ (ಹೊರಗಿನ ಇಂಟರ್ನೆಟ್ಟಿಗೆಂದು ಇರುವುದು) ಹಾಕದೆ ಲ್ಯಾನ್ ಕಿಂಡಿಗೆ (ಮನೆಯೊಳಗಿನ ಸಾಧನಗಳಿಗೆಂದು ಇರುವುದು) ಹಾಕಿ. ಈ ಕ್ರಮ ತಪ್ಪಬಾರದು. ಡಿಎಚ್‌ಸಿಪಿ ಆಫ್ ಮಾಡುವ ಮುಂಚೆಯೇ ಕೇಬಲ್ ಸಿಕ್ಕಿಸಿದರೆ ಎರಡು ಪೆಟ್ಟಿಗೆಗಳೂ ವಿಳಾಸ ಹಂಚಲು ಹೊರಟು ಮನೆಯ ಜಾಲವೇ ಗೊಂದಲಕ್ಕೆ ಬೀಳುತ್ತದೆ. ಕ್ಯಾಟ್ 5ಇ ಕೇಬಲ್ ಸಾಕು, 100 ಮೀಟರ್‌ವರೆಗೆ ನಡೆಯುತ್ತದೆ.

ಗೆಸ್ಟ್ ನೆಟ್‌ವರ್ಕಿಗೆ ಸ್ಪೀಕರ್ ಸೇರಿಸಿದರೂ ಇದೇ ಗತಿ. ಅಲ್ಲಿ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ತಡೆ ಇರುತ್ತದೆ, ಅದನ್ನು ಮಾಡಿರುವುದೇ ಅದಕ್ಕಾಗಿ. ‘ಅತಿಥಿ ಜಾಲ’ ಅಂತ ಬರೆಯಬೇಡಿ. ರೂಟರಿನ ಪರದೆ ಇಂಗ್ಲಿಷಿನಲ್ಲಿರುತ್ತದೆ. ಕೈಪಿಡಿ ಹಿಡಿದು ಕೂತವರು ಪರದೆಯಲ್ಲಿ ‘ಅತಿಥಿ’ಯನ್ನು ಹುಡುಕುತ್ತಾರೆ, ಸಿಗುವುದಿಲ್ಲ. ಪರದೆಯ ಮೇಲೆ ಕಾಣುವ ಹೆಸರು ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ, ಮಾಡಬೇಕಾದ ಕೆಲಸ ಕನ್ನಡ ಕ್ರಿಯಾಪದದಲ್ಲಿ. ಇಷ್ಟು ಗೆರೆ ಹಾಕಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ಹಾಡಿಗೆ ವೇಗದ ಪ್ಲಾನ್ ಬೇಕು ಎಂದು ಕರಡಿನಲ್ಲಿದ್ದರೆ ತೆಗೆದುಹಾಕಿ. ಒಳ್ಳೆಯ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 320 ಕಿಲೋಬಿಟ್ ಸಾಕು, ಗಂಟೆಗೆ 144 ಎಂಬಿ ಆಗುತ್ತದೆ. ಸಿಡಿಯ ಪೂರ್ಣ ಗುಣಮಟ್ಟ ಅಂದರೂ 1,411 ಕಿಲೋಬಿಟ್, ಅಂದರೆ ಒಂದೂವರೆ ಎಂಬಿಪಿಎಸ್‌ಗಿಂತ (ಸೆಕೆಂಡಿಗೆ ಮೆಗಾಬಿಟ್) ಕಡಿಮೆ. 40 ಎಂಬಿಪಿಎಸ್ ಪ್ಲಾನಿನಲ್ಲೂ ಹಾಡು ತಡೆಯುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಮನೆಯೊಳಗಿನ ಸಿಗ್ನಲಿನದು. ಮೈಕ್ರೋವೇವ್ ಓವನ್ 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಬ್ಲೂಟೂತ್ ಕೂಡ ಅದೇ ತರಂಗಪಟ್ಟಿಯಲ್ಲಿದೆ. ಅಕ್ಕಪಕ್ಕದ ಫ್ಲ್ಯಾಟುಗಳ ರೂಟರುಗಳೂ ಅಲ್ಲೇ. ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11. ‘ಆಟೊ’ದಲ್ಲಿ ಬಿಡದೆ, ಈ ಮೂರರಲ್ಲಿ ಖಾಲಿ ಇರುವುದಕ್ಕೆ ಕಟ್ಟಿಹಾಕಿ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ದಾಟುವಾಗ ಸೊರಗುತ್ತದೆ. ಅಗ್ಗದ ಸ್ಪೀಕರುಗಳಲ್ಲಿ ಎಷ್ಟೋ 2.4 ಮಾತ್ರ ಹಿಡಿಯುತ್ತವೆ. ಹಾಗಾಗಿ ಕೊಳ್ಳುವಾಗ ಸ್ಪೀಕರಿನ ಡಬ್ಬಿ ಓದಿ ಎಂದೂ ಒಂದು ಸಾಲು ಹಾಕಿ.

ಇಡುವ ಜಾಗ: ಕಬ್ಬಿಣದ ಬೀರುವಿನೊಳಗೆ ಬೇಡ, ಟೀವಿ ಹಿಂದೆ ಬೇಡ, ಫ್ರಿಜ್ಜಿನ ಮೇಲೆ ಬೇಡ. ಮನೆ ನಡುವೆ, ಎದೆಯೆತ್ತರಕ್ಕಿಂತ ಮೇಲೆ. ಲೋಹ ಸಿಗ್ನಲನ್ನು ತಡೆಯುತ್ತದೆ, ನೀರು ಹೀರುತ್ತದೆ, ಆದ್ದರಿಂದ ಮೀನಿನ ತೊಟ್ಟಿಯೂ ಮಧ್ಯೆ ಬರಬಾರದು. ಕರೆಂಟು ಹೋದಾಗಲೂ ಹಾಡು ಬೇಕೆಂದರೆ ಚಿಕ್ಕ ಯುಪಿಎಸ್ ಸಿಗುತ್ತದೆ. ರೂಟರಿನ ಅಡಾಪ್ಟರ್ 12 ವೋಲ್ಟೋ 9 ವೋಲ್ಟೋ ನೋಡಿಯೇ ತರಬೇಕು. ಫೈಬರ್ ಪೆಟ್ಟಿಗೆಗೂ ಅದೇ ವ್ಯವಸ್ಥೆ ಮಾಡದಿದ್ದರೆ ರೂಟರ್ ಒಂದೇ ಬೆಳಗುತ್ತಾ ಕೂರುತ್ತದೆ, ಇಂಟರ್ನೆಟ್ ಇರುವುದಿಲ್ಲ.

ಬರೆದವರು: ಮೈಸೂರು

ಮಂಗಳೂರಿನವರ ವಿವರ ಉಪಯುಕ್ತ. ಆದರೆ ‘ಪರದೆಯ ಮೇಲಿದ್ದಂತೆ ಬರೆಯಿರಿ’ ಎಂಬ ನೀತಿ ಒಪ್ಪಲಾರೆ. ಪರದೆಯೇ ಕನ್ನಡದಲ್ಲಿ ಬರಲಿ ಎಂದು ನಾವು ಕೇಳಬೇಕು. ಇವತ್ತು ‘ಗೆಸ್ಟ್ ನೆಟ್‌ವರ್ಕ್’ ಎಂದು ಅಚ್ಚು ಹಾಕಿದರೆ ನಾಳೆ ಪರದೆ ಕನ್ನಡವಾದಾಗಲೂ ಅದೇ ಉಳಿಯುತ್ತದೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡದ್ದೇ ಬೇರುಗಳಿಂದ ಪದ ಕಟ್ಟಬಹುದೆಂದು ಕಟ್ಟಿಯೇ ತೋರಿಸಿದ್ದಾರೆ. ನಮಗೆ ಧೈರ್ಯ ಇಲ್ಲ ಅಷ್ಟೆ. ಮತ್ತೊಂದು ಮಾತು. ಯಾರಾದರೂ ‘ಸಂಗೀತಹೊನಲು’ ಎಂದು ಬೆರೆಸುವ ಮುಂಚೆ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆರೆಸಿದ, ವ್ಯಾಕರಣ ಒಪ್ಪದ ಜೋಡುಪದ.

ಬರೆದವರು: ಧಾರವಾಡ

ಅರಿಸಮಾಸದ ಬೆದರಿಕೆ ಸಾಕು. ಹಳಗನ್ನಡದ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲೇ ಕೇಶಿರಾಜ ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ. 13ನೇ ಶತಮಾನದಲ್ಲಿ ಸಡಿಲಿಸಿದ್ದನ್ನು ಈಗ ಬಿಗಿಯುವುದೇಕೆ? ‘ಮಳೆಗಾಲ’ ಬಿಡುತ್ತೀರಾ? ‘ದಿನಗೂಲಿ’ ಬಿಡುತ್ತೀರಾ?

ಇನ್ನು ಸಾಲದ ಮಾತು. ಚಾವಿ, ಪಗಾರ ಪೋರ್ಚುಗೀಸಿನಿಂದ ಬಂದವು. ಕಾಗದ, ಕುರ್ಚಿ ಪಾರಸಿ ಅರಬ್ಬಿ ಕಡೆಯವು. ಯಾವುದರಿಂದಲೂ ಕನ್ನಡ ಬಡವಾಗಿಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಕೇಂದ್ರ ಶುರುಮಾಡಿದ್ದು ನಿಮ್ಮ ಮೈಸೂರಿನಲ್ಲೇ. ಅದಕ್ಕೆ ನಿಂತ ಹೆಸರು ‘ಆಕಾಶವಾಣಿ’, ಅಪ್ಪಟ ಸಂಸ್ಕೃತ. ಕನ್ನಡದಲ್ಲಿ ‘ಬಾನುಲಿ’ಯೂ ಬಂತು, ಚೆಂದದ ಪದ. ಮನೆಯ ಪೆಟ್ಟಿಗೆಯನ್ನು ಮಾತ್ರ ಎಲ್ಲರೂ ‘ರೇಡಿಯೋ’ ಅಂದರು. ಮೂರೂ ಬದುಕಿವೆ, ಒಂದೊಂದಕ್ಕೆ ಒಂದೊಂದು ಜಾಗ. ‘ಹಾದಿಗ’ಕ್ಕೆ ಯಾವ ಜಾಗ? ಅಂಗಡಿಯಲ್ಲಿ ನಿಂತು ‘ಒಂದು ಹಾದಿಗ ಕೊಡಿ’ ಎಂದರೆ ಏನು ಕೊಡುತ್ತಾರೆ?

ಬರೆದವರು: ಮೈಸೂರು

ಮೊದಲು ‘ಸಾಫ್ಟ್‌ವೇರ್’ಗೂ ಹೀಗೇ ಹೇಳಿದಿರಿ, ‘ತಂತ್ರಾಂಶ’ ಬಂತು. ಅದೂ ಸಂಸ್ಕೃತವೇ, ಆದರೂ ಬಂತು. ಬಳಸದೆ ಯಾವ ಪದವೂ ಬಳಕೆಗೆ ಬರುವುದಿಲ್ಲ.

ಬರೆದವರು: ಬೆಂಗಳೂರು, ಮುದ್ರಣ

ಅಚ್ಚಿನ ಬಗ್ಗೆ ಯಾರೂ ಹೇಳದ್ದನ್ನು ಹೇಳುತ್ತೇನೆ. ಇದರಿಂದಲೇ ಫಲಕಗಳು ಹಾಳಾಗುವುದು.

ನೀವು ಯೂನಿಕೋಡಿನಲ್ಲಿ ‘ರೂಟರ್‌ನಲ್ಲಿ’ ಎಂದು ಬರೆದು ಕಳಿಸುತ್ತೀರಿ. ಪ್ರೆಸ್ಸಿನವರು ಅದನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ತಿರುಗಿಸುತ್ತಾರೆ. ‘ರ್’ ಆದಮೇಲೆ ಇರುವ ಕಾಣದ ತಡೆಯಕ್ಷರ ಆ ತಿರುವಿನಲ್ಲಿ ಬಿದ್ದುಹೋದರೆ ‘ರೂಟರ್ನಲ್ಲಿ’ ಆಗುತ್ತದೆ, ನಕಾರಕ್ಕೆ ಅರ್ಕಾವತ್ತು ಸೇರಿಬಿಡುತ್ತದೆ. ಕರಡು ತಿದ್ದುವವರ ಕಣ್ಣಿಗೂ ತಪ್ಪುತ್ತದೆ. ಸುಲಭದ ದಾರಿ ಕನ್ನಡದ್ದೇ: ‘ರೂಟರಿನಲ್ಲಿ, ರೂಟರಿಗೆ, ಸ್ಪೀಕರಿನ, ಫೋನಿಗೆ’ ಎಂದು ಇಕಾರ ಸೇರಿಸಿ ಬರೆಯಿರಿ. ಬಸ್ಸು, ರೈಲು, ಕರೆಂಟು ಎಲ್ಲ ಹೀಗೇ ನಮ್ಮವಾದವು. ತಡೆಯಕ್ಷರದ ಹಂಗೇ ಇರುವುದಿಲ್ಲ.

ಫಲಕದಲ್ಲಿ ‘ಸ್ಟ್ರೀಮಿಂಗ್’ ಬೇಡವೇ ಬೇಡ. ‘ಸ್ಟ್ರೀ’ಯಲ್ಲಿ ಸಕಾರದ ಕೆಳಗೆ ಟಕಾರದ ಒತ್ತು, ಅದರ ಪಕ್ಕ ರಕಾರದ ಒತ್ತು, ಮೇಲೆ ದೀರ್ಘ. ವಿನೈಲ್ ಕತ್ತರಿಸಿ ಅಂಟಿಸುವಾಗ ಆ ಒತ್ತುಗಳ ನಡುವಿನ ಸಂದಿ ಉಳಿಯುವುದಿಲ್ಲ, ರಸ್ತೆಯ ಆಚೆಯಿಂದ ಕಪ್ಪು ಮುದ್ದೆಯಾಗಿ ಕಾಣುತ್ತದೆ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಒತ್ತು ತಾಗದಷ್ಟು ಜಾಗ ಬಿಡಬೇಕಾಗಿ ಅಕ್ಷರವೂ ಚಿಕ್ಕದಾಗುತ್ತದೆ.

ಜನ ಏನು ಹೇಳುತ್ತಾರೆ ಎಂದು ಯಾರೂ ನೋಡಲಿಲ್ಲ. ‘ಹಾಡು ಹಾಕು’ ಅನ್ನುತ್ತಾರೆ. ಕ್ಯಾಸೆಟ್ಟಿಗೂ ಅದೇ, ಸಿಡಿಗೂ ಅದೇ, ಈಗ ಫೋನಿಗೂ ಅದೇ.

ಬರೆದವರು: ಅನುವಾದಕಿ, ಶಿವಮೊಗ್ಗ

ಎಲ್ಲರಿಗೂ ವಂದನೆ. ಬೆಳಗಿನೊಳಗೆ ಮುಗಿಸಬೇಕಾದ್ದರಿಂದ ಇಷ್ಟಕ್ಕೆ ನಿಲ್ಲಿಸಿದ್ದೇನೆ.

ಫಲಕ: “ಮನೆ ತುಂಬ ಹಾಡು ಹಾಕಿ: ವೈಫೈ ರೂಟರ್ ಇಲ್ಲಿ ಸಿಗುತ್ತದೆ”

ಕೈಪಿಡಿಯಲ್ಲಿ ಒಂದೇ ಒಂದು ಸಲ, ಶುರುವಿನಲ್ಲಿ, “ಹಾಡನ್ನು ಇಳಿಸಿಟ್ಟುಕೊಳ್ಳದೆ ಇಂಟರ್ನೆಟ್ಟಿನಿಂದ ಆಗಿಂದಾಗಲೇ ತರಿಸಿ ಕೇಳುವುದೇ ಸ್ಟ್ರೀಮಿಂಗ್.” ಆಮೇಲೆಲ್ಲ ‘ತರಿಸಿ ಕೇಳು’, ‘ಹಾಡು ಹಾಕು’. ಬಫರಿಂಗಿಗೆ “ಹಾಡು ನಿಂತು ನಿಂತು ಬಂದರೆ”. ಗೆಸ್ಟ್ ನೆಟ್‌ವರ್ಕ್ ಹಾಗೇ ಉಳಿಯಿತು. ‘ಹೊನಲು’ ಹಿಂಬದಿಯ ಪುಟದ ತಲೆಬರಹಕ್ಕೆ ಹೋಗಿದೆ, ಮೈಸೂರಿನವರು ಬೇಸರಿಸಬಾರದು. ಕ್ರಮದ ಸಾಲುಗಳು:

“ಫೈಬರ್ ಪೆಟ್ಟಿಗೆಯ ವೈಫೈ ಆರಿಸಿ. ಹೊಸ ರೂಟರಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಆರಿಸಿ. ಫೋನು, ಸ್ಪೀಕರು ಎರಡನ್ನೂ ಒಂದೇ ವೈಫೈ ಹೆಸರಿಗೆ ಸೇರಿಸಿ. ಸ್ಪೀಕರ್ ದೂರದ ಕೋಣೆಯಲ್ಲಿದ್ದರೆ 2.4 ಗಿಗಾಹರ್ಟ್ಸ್ ಆರಿಸಿ.”

ಬರೆದವರು: ಮೈಸೂರು

ತಲೆಬರಹಕ್ಕಾದರೂ ಸಿಕ್ಕಿತಲ್ಲ. ‘ತರಿಸಿ ಕೇಳು’ ಕನ್ನಡದ ಜಾಯಮಾನಕ್ಕೆ ಹೊಂದುತ್ತದೆ, ಒಪ್ಪಿದೆ. ‘ಮೋಡ್’ ಒಪ್ಪಿಲ್ಲ.

ಬರೆದವರು: ಮಂಗಳೂರು, ನೆಟ್‌ವರ್ಕ್ ಕೆಲಸ

ಅಚ್ಚಿಗೆ ಕೊಡಬೇಡಿ, ನಿಲ್ಲಿಸಿ. ಮೇಡಂ, ಮೊದಲ ಸಾಲಿನ ‘ವೈಫೈ ಆರಿಸಿ’ ಅಂದರೆ ನಂದಿಸಿ ಅಂತಲೋ, ಆಯ್ಕೆ ಮಾಡಿ ಅಂತಲೋ? ನೀವು ಹೇಳಹೊರಟಿದ್ದು ಆಫ್ ಮಾಡಿ ಎಂದು. ಎರಡನೆಯದರಲ್ಲೂ ನಾಲ್ಕನೆಯದರಲ್ಲೂ ಅದೇ ಪದ ಆಯ್ಕೆಯ ಅರ್ಥದಲ್ಲಿ ಬಂದಿದೆ. ಓದಿದವರು ಫೈಬರ್ ಪೆಟ್ಟಿಗೆಯ ವೈಫೈಯನ್ನೇ ಆಯ್ದುಕೊಂಡು ಫೋನನ್ನು ಅದಕ್ಕೆ ಸೇರಿಸುತ್ತಾರೆ, ಇಲ್ಲವೇ 2.4ನ್ನು ಆಫ್ ಮಾಡಿ ಸ್ಪೀಕರನ್ನೇ ಕಳೆದುಕೊಳ್ಳುತ್ತಾರೆ. ಎಲ್ಲ ಕಡೆ ‘ಆಯ್ದುಕೊಳ್ಳಿ’, ‘ಆಫ್ ಮಾಡಿ’ ಎಂದು ಬೇರೆ ಮಾಡಿ. ಒಟ್ಟು ಮೂರು ಕಡೆ ಇದೆ, ಎಣಿಸಿ ತಿದ್ದಿ.