ಎಲ್ಲಕ್ಕೂ ‘ಮಸುಕು’ ಅಂದರೆ ಸಾಕೇ? ಕಡಿಮೆ ಬಿಟ್‌ರೇಟ್ ವಿಡಿಯೊ ಹೋಲಿಕೆಗೆ ಪದಗಳು ಬೇಕು

ವಿಡಿಯೊ ಫಾರ್ಮ್ಯಾಟ್‌ಗಳನ್ನು ಕಡಿಮೆ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಖರ್ಚಾಗುವ ಬಿಟ್‌ಗಳ ಲೆಕ್ಕ) ಹೋಲಿಸಿ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಒಂದೇ ಕ್ಲಿಪ್, ಒಂದೇ ಬಿಟ್‌ರೇಟ್. ಎಚ್.264, ಎಚ್‌ಇವಿಸಿ, ವಿಪಿ9, ಎವಿ1 ಈ ನಾಲ್ಕರಲ್ಲೂ ಎನ್‌ಕೋಡ್ ಮಾಡಿ, ಅಂದರೆ ಕುಗ್ಗಿಸಿ ಬರೆದು, ಪಕ್ಕಪಕ್ಕ ಇಟ್ಟು ನೋಡುವುದು. ಒಂದೊಂದೂ ಕೆಡುವ ರೀತಿ ಬೇರೆ. ಆದರೆ ಬರೆಯಲು ಹೋದರೆ ಎಲ್ಲದಕ್ಕೂ ‘ಮಸುಕು’ ಅಂತಲೇ ಬರುತ್ತದೆ. ಎಚ್.264 ಮಸುಕಾಗಿದೆ, ಎವಿ1 ಅಷ್ಟು ಮಸುಕಿಲ್ಲ ಎಂದು ಬರೆದರೆ ಓದುವವರಿಗೆ ಏನು ತಿಳಿಯುತ್ತದೆ ಹೇಳಿ? ಎರಡೂ ಕೆಟ್ಟಿರುವುದು ಒಂದೇ ಥರ, ಒಂದು ಜಾಸ್ತಿ ಇನ್ನೊಂದು ಕಡಿಮೆ ಅಂತ ಆಗುತ್ತದೆ. ಅದು ನಿಜ ಅಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬಿಟ್ ಎಷ್ಟು ಬಿಗಿ ಎಂದು ಮೊದಲು ನೋಡೋಣ. 1280×720 ಅಳತೆಯ, ಸೆಕೆಂಡಿಗೆ 30 ಫ್ರೇಮಿನ ವಿಡಿಯೊವನ್ನು ಸೆಕೆಂಡಿಗೆ 400 ಕಿಲೊಬಿಟ್‌ಗೆ ಇಳಿಸಿದೆವು ಅಂದುಕೊಳ್ಳಿ. ಒಂದು ಫ್ರೇಮಿನಲ್ಲಿ 16×16 ಪಿಕ್ಸೆಲ್ಲಿನ ಚೌಕಗಳು 3,600. ಸೆಕೆಂಡಿಗೆ 1,08,000 ಚೌಕ. ಇದ್ದ ಬಿಟ್ಟನ್ನು ಹಂಚಿದರೆ ಒಂದು ಚೌಕಕ್ಕೆ ಸರಾಸರಿ 4 ಬಿಟ್ ಕೂಡ ಸಿಗುವುದಿಲ್ಲ, ಅಷ್ಟರಲ್ಲೇ 256 ಪಿಕ್ಸೆಲ್‌ಗಳ ವಿಷಯ ಹೇಳಿ ಮುಗಿಸಬೇಕು. ಏನನ್ನಾದರೂ ಬಿಡಲೇಬೇಕು. ಏನನ್ನು ಬಿಡುವುದು, ಬಿಟ್ಟ ಜಾಗವನ್ನು ಹೇಗೆ ಮುಚ್ಚುವುದು, ಫಾರ್ಮ್ಯಾಟ್‌ಗಳು ಬೇರೆಯಾಗುವುದು ಇಲ್ಲೇ.

2003ರ ಎಚ್.264 ಚಿತ್ರವನ್ನು ಈ 16×16ರ ಚೌಕಗಳಾಗಿಯೇ ಹಂಚಿಕೊಳ್ಳುತ್ತದೆ. 2013ರಲ್ಲಿ ಬಂದ ಎಚ್‌ಇವಿಸಿಯಲ್ಲಿ ಚೌಕ 64×64ರ ತನಕ ಇರಬಹುದು, 2018ರ ಎವಿ1ರಲ್ಲಿ 128×128ರ ತನಕ. ಬರಿ ಗೋಡೆಯೋ ಆಕಾಶವೋ ಇದ್ದ ಕಡೆ ದೊಡ್ಡ ಚೌಕ ಒಂದಕ್ಕೆ ‘ಹಿಂದಿನ ಫ್ರೇಮಿನಲ್ಲಿ ಇದ್ದ ಹಾಗೇ ಇರಲಿ’ ಎಂದು ಒಂದು ಸಲ ಹೇಳಿದರೆ ಆಯಿತು. ಉಳಿದ ಬಿಟ್‌ಗಳು ಬೇರೆ ಕಡೆಗೆ ಹೋಗುತ್ತವೆ. ಎಚ್.264ಗೆ ಆ ಅನುಕೂಲ ಇಲ್ಲ. ಹಾಗಾಗಿ ಬಿಟ್ ತೀರಾ ಕಡಿಮೆಯಾದಾಗ ಕತ್ತಲೆ ಇರುವ ಮೂಲೆಗಳಲ್ಲಿ, ಜೋರಾಗಿ ಓಡುವ ದೃಶ್ಯಗಳಲ್ಲಿ ಚೌಕಗಳ ಅಂಚು ಎದ್ದು ಕಾಣುತ್ತದೆ. ಅಂಚನ್ನು ಸರಿ ಮಾಡುವ ಫಿಲ್ಟರ್ ಅದರಲ್ಲೂ ಇದೆ, ಆದರೆ ಒಂದು ಮಿತಿಯ ಆಚೆ ಅದೂ ಸೋಲುತ್ತದೆ.

ಇದಕ್ಕೆ ನಾನು ‘ಚೌಕಳಿ’ ಎಂದು ಬರೆಯುತ್ತಿದ್ದೇನೆ. ಚೌಕಳಿ ಬಟ್ಟೆ ಎಂದರೆ ಎಲ್ಲರಿಗೂ ಗೊತ್ತು, ಹಾಗಾಗಿ ‘ಚಿತ್ರದಲ್ಲಿ ಚೌಕಳಿ ಬಿದ್ದಿದೆ’ ಎಂದರೆ ವಿವರಣೆ ಬೇಕಾಗುವುದಿಲ್ಲ. ಒಂದು ಅನುಮಾನ ಇದೆ. ಚೌಕಳಿ ಎಂದರೆ ಬೇಕೆಂದೇ ಮಾಡಿದ ವಿನ್ಯಾಸ ಅನಿಸುತ್ತದಾ? ‘ಚೌಕ ಚೌಕವಾಗಿ ಒಡೆದಿದೆ’ ಎನ್ನಬಹುದು, ಅದರಲ್ಲಿ ಕೆಟ್ಟಿದೆ ಎನ್ನುವುದು ಸ್ಪಷ್ಟ. ಆದರೆ ಕೋಷ್ಟಕದ ತಲೆಬರಹದಲ್ಲಿ ಹಾಕಲು ಒಂದೇ ಪದ ಬೇಕು.

ಈಗ ನಿಜವಾಗಿ ಕಷ್ಟ ಕೊಡುತ್ತಿರುವ ಪದಕ್ಕೆ ಬರುತ್ತೇನೆ. ಎಚ್‌ಇವಿಸಿ ಮತ್ತು ಎವಿ1 ಚೌಕಳಿ ಅಷ್ಟಾಗಿ ತೋರಿಸುವುದಿಲ್ಲ. ಅವು ಬೇರೆ ಏನನ್ನೋ ಕಳೆಯುತ್ತವೆ. ಹುಲ್ಲಿನ ಮೇಲೆ ಒಬ್ಬರು ನಡೆದು ಹೋಗುವ ದೃಶ್ಯ ಇದೆ ಅಂದುಕೊಳ್ಳಿ. ಆ ವ್ಯಕ್ತಿಯ ಹೊರಗೆರೆ ಸ್ಪಷ್ಟವಾಗಿದೆ, ಭುಜದ ಅಂಚು ಚೂಪಾಗಿದೆ, ಅಂಗಿಯ ಕಾಲರ್ ಕಾಣುತ್ತದೆ. ಹುಲ್ಲು ಮಾತ್ರ ಎಸಳು ಎಸಳಾಗಿ ಇಲ್ಲ, ಒಂದೇ ಹಸಿರು ಹರವಿದೆ. ಮುಖ ಇದೆ, ಚರ್ಮದ ಸಣ್ಣ ಗೆರೆಗಳಿಲ್ಲ. ಕೂದಲು ಒಂದೇ ಮುದ್ದೆ. ಇದನ್ನು ಮಸುಕು ಎನ್ನಲು ನನಗೆ ಮನಸ್ಸಾಗುವುದಿಲ್ಲ, ಯಾಕೆಂದರೆ ಮಸುಕಾದ ಚಿತ್ರದಲ್ಲಿ ಅಂಚೂ ಹೋಗಿರುತ್ತದೆ, ಫೋಕಸ್ ತಪ್ಪಿದ ಫೋಟೊ ಥರ. ಇಲ್ಲಿ ಅಂಚು ಉಳಿದು ಒಳಗಿನ ನವಿರು ಹೋಗಿದೆ. ‘ಮಬ್ಬು’ ಕೂಡ ಹೊಂದುವುದಿಲ್ಲ, ಅದರಲ್ಲಿ ಬೆಳಕು ಕಡಿಮೆ ಎನ್ನುವ ಅರ್ಥ ಮೊದಲು ಬರುತ್ತದೆ. ‘ತೀಡಿದ’ ಎಂದು ಯೋಚಿಸಿದೆ, ಆದರೆ ತಿದ್ದಿ ತೀಡುವುದು ಹೊಗಳಿಕೆ ಅಲ್ವಾ.

ಹಾಗಾಗಿ ‘ಸವೆತ’ ಎಂಬ ಪದಕ್ಕೆ ಬಂದಿದ್ದೇನೆ. ಹಳೆಯ ನಾಣ್ಯದ ಹಾಗೆ, ದುಂಡಗಿನ ಆಕಾರ ಇದ್ದೇ ಇರುತ್ತದೆ, ಮೇಲಿನ ಅಕ್ಷರ ಸವೆದಿರುತ್ತದೆ. ‘ಎವಿ1ರಲ್ಲಿ ಚೌಕಳಿ ಇಲ್ಲ, ಆದರೆ ಹುಲ್ಲು ಸವೆದಿದೆ’ ಎಂದರೆ ಎರಡು ಫಾರ್ಮ್ಯಾಟ್‌ಗಳ ನಡುವಿನ ವ್ಯತ್ಯಾಸ ಒಂದೇ ಸಾಲಿನಲ್ಲಿ ಬಂದುಬಿಡುತ್ತದೆ. ನನಗೆ ಈ ಪದ ತುಂಬಾ ಹಿಡಿಸಿದೆ.

ತೊಡಕು ಒಂದೇ. ಸವೆಯುವುದು ಕಾಲಕ್ರಮದಲ್ಲಿ ಆಗುವ ಕೆಲಸ. ಒಂದೇ ಸಲ ಎನ್‌ಕೋಡ್ ಮಾಡಿದ್ದಕ್ಕೆ ಸವೆದಿದೆ ಎನ್ನಬಹುದಾ? ಅದಕ್ಕಿಂತ ದೊಡ್ಡ ತೊಡಕು, ವಿಡಿಯೊದಲ್ಲಿ ನಿಜವಾಗಿಯೂ ಕಾಲಕ್ರಮದಲ್ಲಿ ಆಗುವ ಸವೆತ ಒಂದಿದೆ. ಕುಗ್ಗಿಸಿದ ಫೈಲನ್ನೇ ಮತ್ತೆ ಕುಗ್ಗಿಸಿ, ಅದನ್ನು ಇನ್ನೊಬ್ಬರು ಮತ್ತೆ ಕುಗ್ಗಿಸಿ, ಹೀಗೆ ಕೈಯಿಂದ ಕೈಗೆ ಹೋಗುತ್ತಾ ಸಲಸಲಕ್ಕೂ ಒಂದಿಷ್ಟು ಕಳೆದುಕೊಳ್ಳುತ್ತದಲ್ಲ, ಸವೆತ ಎಂಬ ಪದ ಅದಕ್ಕೇ ಸಲ್ಲಬೇಕು ಎಂದು ಯಾರಾದರೂ ವಾದ ಮಾಡಿದರೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ಎರಡಕ್ಕೂ ಒಂದೇ ಪದ ಇಟ್ಟರೆ ಗೊಂದಲ ಖಂಡಿತ.

ಉಳಿದವು ಅಷ್ಟು ಕಷ್ಟ ಇಲ್ಲ. ಸಂಜೆಯ ಆಕಾಶದಲ್ಲಿ ಬಣ್ಣ ನಯವಾಗಿ ಬದಲಾಗುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದಕ್ಕೆ ‘ಪಟ್ಟೆ’ ಸಾಕು. 8 ಬಿಟ್ ಬದಲು 10 ಬಿಟ್‌ನಲ್ಲಿ ಎನ್‌ಕೋಡ್ ಮಾಡಿದರೆ ಪಟ್ಟೆ ಕಡಿಮೆಯಾಗುತ್ತದೆ, 256 ಹಂತಗಳ ಜಾಗದಲ್ಲಿ 1,024 ಹಂತ ಸಿಗುತ್ತದೆ. ಕೀಫ್ರೇಮ್ (ಬೇರೆ ಫ್ರೇಮುಗಳನ್ನು ನೆಚ್ಚದೆ ಪೂರ್ತಿ ಬರೆದ ಫ್ರೇಮ್) ಬಂದಾಗಲೆಲ್ಲ ಚಿತ್ರ ಒಮ್ಮೆಗೇ ಬೇರೆಯಾಗಿ ಕಂಡು ಮತ್ತೆ ಮೆತ್ತಗಾಗುವುದಕ್ಕೆ ‘ಮಿಡಿತ’ ಎಂದಿದ್ದೇನೆ. ಅಕ್ಷರಗಳ ಸುತ್ತ, ಕಪ್ಪು ಕಂಬದ ಪಕ್ಕದಲ್ಲಿ ಸಣ್ಣ ಅಲೆಗಳು ಮೂಡುತ್ತವಲ್ಲ, ಅದಕ್ಕೆ ಸದ್ಯಕ್ಕೆ ‘ಅಂಚಿನ ಅಲೆ’. ಎವಿ1ರಲ್ಲಿ ಇದನ್ನು ತಗ್ಗಿಸಲೆಂದೇ ಒಂದು ಫಿಲ್ಟರ್ ಇದೆ, ಹಾಗಾಗಿ ಈ ಪದ ಪದೇ ಪದೇ ಬರುತ್ತದೆ. ಇನ್ನೂ ಚಿಕ್ಕದು ಸಿಕ್ಕರೆ ಒಳ್ಳೆಯದು.

‘ಗುಣಮಟ್ಟ’ದ ಬಗ್ಗೆಯೂ ಒಂದು ಮಾತು. ಈ ಪದ ಎರಡು ಅರ್ಥ ಹೊರುತ್ತಿದೆ. ಒಂದು, ಮೂಲಕ್ಕೆ ಎಷ್ಟು ಹತ್ತಿರ ಇದೆ ಎನ್ನುವುದು. ಇನ್ನೊಂದು, ಕಣ್ಣಿಗೆ ಎಷ್ಟು ಹಿತ ಎನ್ನುವುದು. ಪಿಎಸ್‌ಎನ್‌ಆರ್ ಎಂಬ ಅಳತೆ ಪಿಕ್ಸೆಲ್‌ಗೆ ಪಿಕ್ಸೆಲ್ ಇಟ್ಟು ವ್ಯತ್ಯಾಸ ಲೆಕ್ಕ ಹಾಕುತ್ತದೆ. ಹುಲ್ಲಿನ ಎಸಳನ್ನು ಒಂದಿಷ್ಟು ಪಕ್ಕಕ್ಕೆ ಬರೆದವರಿಗಿಂತ ಎಸಳೇ ಬರೆಯದೆ ಹಸಿರು ಬಳಿದವರಿಗೆ ಅದು ಜಾಸ್ತಿ ಅಂಕ ಕೊಡಬಹುದು! ಎಚ್.264ರಲ್ಲಿ ಬರೆಯುವ ಎಕ್ಸ್264 ಎಂಬ ಎನ್‌ಕೋಡರಿನಲ್ಲಿ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಒಂದು ಸೆಟ್ಟಿಂಗ್ ಮೊದಲೇ ಹಾಕಿರುತ್ತಾರೆ, ಪಿಎಸ್‌ಎನ್‌ಆರ್ ಏರಿಸಬೇಕಾದರೆ ಅದನ್ನು ತೆಗೆಯಬೇಕು. ಎವಿ1ರಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಫಿಲ್ಮಿನ ಕಣಗಳನ್ನು, ಅಂದರೆ ಚಿತ್ರದ ತುಂಬ ಕಾಣುವ ಸಣ್ಣ ಚುಕ್ಕೆಗಳನ್ನು, ಮೊದಲೇ ತೆಗೆದು, ಅವು ಯಾವ ಥರ ಇದ್ದವು ಎಂದಷ್ಟೇ ಬರೆದಿಟ್ಟು, ಪ್ಲೇ ಮಾಡುವಾಗ ಅದೇ ಥರದ ಹೊಸ ಕಣ ಹಾಕುವ ಏರ್ಪಾಡು ಅದರಲ್ಲಿದೆ. ನೋಡಲು ಹಿತ, ಆದರೆ ಮೂಲದ ಕಣಗಳಲ್ಲ. ಇದರ ಗುಣಮಟ್ಟ ಹೆಚ್ಚೋ ಕಡಿಮೆಯೋ? ನಾನು ಅಳತೆಗೆ ‘ಅಂಕ’ ಎಂದೂ ಕಣ್ಣಿನ ತೀರ್ಮಾನಕ್ಕೆ ‘ನೋಟ’ ಎಂದೂ ಬೇರೆ ಮಾಡಿ, ಗುಣಮಟ್ಟ ಎಂಬುದನ್ನು ಆದಷ್ಟು ಬಿಟ್ಟಿದ್ದೇನೆ. ಸರಿ ಕಾಣುತ್ತದಾ ನೋಡಿ.

ಎಚ್.264 ಎಂದರೆ ಫಾರ್ಮ್ಯಾಟ್, ಎಕ್ಸ್264 ಎಂದರೆ ಆ ಫಾರ್ಮ್ಯಾಟಿನಲ್ಲಿ ಬರೆಯುವ ಎನ್‌ಕೋಡರ್, ಎಂಪಿ4 ಎಂದರೆ ಅದನ್ನು ತುಂಬಿಡುವ ಡಬ್ಬಿ. ಈ ಮೂರಕ್ಕೂ ಸುಮ್ನೆ ‘ಕೋಡೆಕ್’ ಎಂದು ಬರೆಯುವುದನ್ನು ನಿಲ್ಲಿಸಲೇಬೇಕು. ಕಳಪೆ ಎನ್‌ಕೋಡರಿನ ತಪ್ಪನ್ನು ಫಾರ್ಮ್ಯಾಟಿನ ತಲೆಗೆ ಕಟ್ಟುವುದು ಇದರಿಂದಲೇ. ಇಲ್ಲಿ ಹೊಸ ಕನ್ನಡ ಪದ ಬೇಕು ಅಂತ ನನಗೆ ಅನಿಸುವುದಿಲ್ಲ, ಇರುವುದನ್ನು ಸರಿಯಾಗಿ ಬಳಸಿದರೆ ಆಯಿತು.

ಎಡಿಟಿಂಗ್ ಮಾಡುವವರು, ವಿಡಿಯೊ ಅಪ್‌ಲೋಡ್ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ: ಅಂಚು ಉಳಿದು ಒಳಗಿನ ನವಿರು ಹೋದಾಗ ನಿಮ್ಮ ನಡುವೆ ಏನಂತ ಕರೆಯುತ್ತೀರಿ? ನಿಘಂಟಿನಲ್ಲಿ ಇರಬೇಕು ಅಂತೇನಿಲ್ಲ, ಬಾಯಲ್ಲಿ ಓಡುವ ಪದ ಆದರೆ ಸಾಕು. ಸವೆತ ಎಂಬುದನ್ನು ಪದೇ ಪದೇ ಕುಗ್ಗಿಸಿದ ಫೈಲಿಗೇ ಬಿಟ್ಟುಕೊಡಬೇಕು ಅನಿಸಿದರೆ, ಅದರ ಬದಲಿಗೆ ಇಲ್ಲಿ ಯಾವುದು ಹಾಕಲಿ ಎನ್ನುವುದನ್ನೂ ಜೊತೆಗೇ ಬರೆಯಿರಿ.