ಗಂಗ್-ಹೋ: ಹೊಗಳಿಕೆಯೋ, ಟೀಕೆಯೋ?

ಸುಮಾ: ಕೆಲಸದ ಅರ್ಜಿಯಲ್ಲಿ ನನ್ನದು ‘ಗಂಗ್-ಹೋ ಆಟಿಟ್ಯೂಡ್’ ಅಂತ ಬರೆದಿದ್ದೇನೆ. ಡಿಕ್ಷನರಿಯಲ್ಲಿ ‘ಅತೀವ ಉತ್ಸಾಹ’ ಅಂತಿದೆ. ಸರಿಹೋಗುತ್ತಾ?

ವಿನಯ್: ಬೇಡ ಮೇಡಂ. ಆ ‘ಅತೀವ’ದಲ್ಲೇ ತೊಡಕಿರೋದು. ಹಿಂದೆಮುಂದೆ ನೋಡದೆ ನುಗ್ಗುವ ಸ್ವಭಾವ ಅನ್ನೋ ಧ್ವನಿ ಅದಕ್ಕಿದೆ. ಯುದ್ಧ ಅಂದರೆ ತುದಿಗಾಲಲ್ಲಿ ನಿಲ್ಲುವವರನ್ನು ಟೀಕಿಸೋಕೂ ಇದೇ ಪದ ಬಳಸುತ್ತಾರೆ.

ಪದಮೋಹಿ: ಆ ಪದಕ್ಕೆ ಈ ಗತಿ ಬಂದದ್ದು ನನಗಂತೂ ಬೇಸರ. ಜಪಾನಿನ ದಾಳಿಯಿಂದ ಚೀನಾದ ಕರಾವಳಿಯ ಕಾರ್ಖಾನೆಗಳು ನೆಲಕಚ್ಚಿದಾಗ, 1938ರಲ್ಲಿ ಒಳನಾಡಿನಲ್ಲಿ ಕೈಗಾರಿಕಾ ಸಹಕಾರ ಸಂಘಗಳು ಶುರುವಾದವು. ನ್ಯೂಜಿಲೆಂಡಿನ ರೇವಿ ಆಲಿ ಅದರ ಮುಂಚೂಣಿಯಲ್ಲಿದ್ದರು. ಸಂಘದ ಉದ್ದನೆಯ ಚೀನೀ ಹೆಸರಿನ ಮೊಟಕು ರೂಪವೇ ‘ಗೊಂಗ್-ಹೆ’. ಚೀನಾದಲ್ಲಿ ಮಿಲಿಟರಿ ವೀಕ್ಷಕರಾಗಿದ್ದ ಅಮೆರಿಕದ ಇವಾನ್ಸ್ ಕಾರ್ಲ್‌ಸನ್ ಅದನ್ನು ‘ಕೂಡಿ ದುಡಿಯೋಣ’ ಅನ್ನೋ ಘೋಷಣೆಯಾಗಿ ತಗೊಂಡು, 1942ರಲ್ಲಿ ತಮ್ಮ ‘ಮರೀನ್ ರೈಡರ್’ ಅನ್ನೋ ದಾಳಿ ಪಡೆಗೆ ಕಲಿಸಿದರು. ಅಧಿಕಾರಿಗಳೂ ಸಾಮಾನ್ಯ ಸೈನಿಕರೂ ಒಟ್ಟಿಗೆ ಕೂತು ಮಾತಾಡುವ ಸಭೆಗಳಿಗೂ ಅದೇ ಹೆಸರು. 1943ರಲ್ಲಿ ಅದೇ ಹೆಸರಿನ ಸಿನಿಮಾ ಬಂತು, ಪದ ಮನೆಮಾತಾಯಿತು. ಉಳಿದದ್ದು ಆವೇಶ ಮಾತ್ರ, ‘ಕೂಡಿ’ ಅನ್ನೋದು ಕಳಚಿಹೋಯಿತು.

ಹರ್ಷ: ನಮ್ಮ ‘ಗುಂಗು’ ಪದಕ್ಕೂ ಇದಕ್ಕೂ ನಂಟಿದೆಯಾ ಸರ್?

ಪದಮೋಹಿ: ಇಲ್ಲ, ಕಿವಿಗೆ ಹಾಗೆ ಕೇಳಿಸುತ್ತೆ ಅಷ್ಟೇ.

ವಿನಯ್: ಮೂಲ ಚೆನ್ನಾಗಿದೆ ಸರ್, ಒಪ್ಪಿದೆ. ಆದರೆ ಅರ್ಜಿ ಓದುವವರಿಗೆ ಆಲಿಯೂ ಗೊತ್ತಿಲ್ಲ, ಕಾರ್ಲ್‌ಸನ್ನೂ ಗೊತ್ತಿಲ್ಲ. ಅರ್ಥ ಇರೋದು ಬಳಕೆಯಲ್ಲಿ.

ಲತಾ: ಬಳಕೆಯೂ ಒಂದೇ ಥರ ಇಲ್ಲ ವಿನಯ್. ‘ಐ ಆಮ್ ನಾಟ್ ವೆರಿ ಗಂಗ್-ಹೋ ಅಬೌಟ್ ಇಟ್’ ಅಂದರೆ ‘ನನಗೆ ಅಷ್ಟೇನೂ ಮನಸ್ಸಿಲ್ಲ’ ಅಂತ ಮಾತ್ರ. ಅಲ್ಲಿ ಯಾರನ್ನೂ ಜರೆಯುವುದಿಲ್ಲ. ಅಮೆರಿಕನ್ನರು ಮೆಚ್ಚುಗೆಗೂ ಹೇಳೋದುಂಟು. ಆದರೆ ತನ್ನ ಬಗ್ಗೆ ತಾನೇ, ಅದೂ ಅರ್ಜಿಯಲ್ಲಿ ಹೇಳಿಕೊಂಡರೆ ಅಬ್ಬರ ಅನ್ನಿಸುತ್ತೆ.

ಪದಮೋಹಿ: ಹಾಗಂತ ಈ ಪದವನ್ನು ಕೈಬಿಡಬೇಡಿ. ‘ಎಂಥೂಸಿಯಾಸಂ’ ಕೂಡ ಒಂದು ಕಾಲಕ್ಕೆ ಬೈಗುಳವೇ. ಗ್ರೀಕ್ ಮೂಲದಲ್ಲಿ ಅದು ದೇವರು ಮೈಮೇಲೆ ಬರೋದು. 1755ರ ಜಾನ್ಸನ್ ಅವರ ಇಂಗ್ಲಿಷ್ ನಿಘಂಟಿನಲ್ಲೂ ದೇವರು ತನಗೇ ಒಲಿದಿದ್ದಾನೆಂಬ ಪೊಳ್ಳು ನಂಬಿಕೆ ಅಂತ ಮೊದಲ ಅರ್ಥ ಕೊಟ್ಟಿದೆ. ಈಗ ಅದನ್ನು ಯಾರೂ ಹಾಗೆ ಓದಲ್ಲ.

ವಿನಯ್: ಅದಕ್ಕೆ ನೂರಾರು ವರ್ಷ ಹಿಡೀತು ಸರ್. ಸುಮಾ ಅವರೇ, ‘ಕೀನ್ ಟು ಲರ್ನ್’ ಅಂತ ಬರೆಯಿರಿ. ಜೊತೆಗೆ ನೀವಾಗಿಯೇ ಮುಂದೆ ಬಂದು ಮಾಡಿದ ಒಂದು ಕೆಲಸ ಸೇರಿಸಿ.

ಸುಮಾ: ಹಾಗೇ ತಿದ್ದುತ್ತೇನೆ. ತಂಡದಲ್ಲಿ ಮಾಡಿದ ಕೆಲಸವನ್ನೇ ಹಾಕುತ್ತೇನೆ.